ಉಬೇರ್ ರೊಬೇರನ ಪಾಳು ಕಟ್ಟಡಗಳಲ್ಲಿ ವಿಷಾದ ಇದೆಯೇ, ಅಥವಾ ನಾವೇ ಅದನ್ನು ತುಂಬುತ್ತಿದ್ದೇವೆಯೇ?

ರೇಖಾಸಕ್ತ

18ನೆಯ ಶತಮಾನದ ಫ್ರೆಂಚ್ ಭೂದೃಶ್ಯ ರೇಖಾಚಿತ್ರಗಳ ಬಗ್ಗೆ ಏನನ್ನೇ ಓದಿದರೂ ಒಂದು ವಿವರಣೆ ತಪ್ಪದೆ ಎದುರಾಗುತ್ತದೆ. ಪಾಳುಬಿದ್ದ ದೇವಾಲಯ, ಮುರಿದ ಕಮಾನು, ಗೋಡೆ ಸೀಳಿ ಬೆಳೆದ ಗಿಡ, ಇವೆಲ್ಲ ವೈಭವದ ನಶ್ವರತೆಯನ್ನು ನೆನಪಿಸುತ್ತವೆ, ನೋಡುವವರ ಮನಸ್ಸಿನಲ್ಲಿ ಹಿತವಾದ ವಿಷಾದವನ್ನು ಎಬ್ಬಿಸುತ್ತವೆ, ಮುಂದೆ ಬಂದ ರಮ್ಯ ಪಂಥಕ್ಕೆ ಆ ವಿಷಾದವೇ ಬೀಜ ಎಂಬುದು ಆ ವಿವರಣೆ.

ಆದರೆ ಉಬೇರ್ ರೊಬೇರನ (1733–1808) ಕೆಂಪು ಚಾಕಿನ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಾ ಹೋದಂತೆ ನನಗೆ ಅಲ್ಲಿ ವಿಷಾದ ಕಾಣಿಸುವುದಿಲ್ಲ. ಸಾಮ್ರಾಟರ ಕಾಲದ ಭಾರಿ ಕಮಾನಿನ ಕೆಳಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿರುತ್ತಾರೆ. ಕೆತ್ತನೆಯ ಕಲ್ಲಿನ ತೊಟ್ಟಿಯಲ್ಲಿ ದನಗಳು ನೀರು ಕುಡಿಯುತ್ತವೆ. ಒಬ್ಬಳು ಮಗುವನ್ನು ಎತ್ತಿಕೊಂಡು ಮುರುಕು ಮೆಟ್ಟಿಲನ್ನು ಇಳಿಯುತ್ತಿರುತ್ತಾಳೆ. ಛಾವಣಿ ಬಿದ್ದುಹೋದ ಕಡೆಯಿಂದ ಬಿಸಿಲು ಧಾರಾಳವಾಗಿ ಸುರಿಯುತ್ತಿರುತ್ತದೆ. ಇವುಗಳ ಸೆಳೆತವನ್ನು ನಾನು ಬಲವಾಗಿ ಅನುಭವಿಸುತ್ತೇನೆ, ಆದರೆ ಅದು ಶೋಕದ ಸೆಳೆತವಲ್ಲ. ವಿಷಾದ ನಿಜವಾಗಿಯೂ ಹಾಳೆಯ ಮೇಲೆ ಇದೆಯೇ, ಅಥವಾ ವಿಮರ್ಶಕರ ಬರಹದಿಂದ ಅದರ ಮೇಲೆ ಬಂದು ಕುಳಿತಿದೆಯೇ? ಬಲ್ಲವರು ಹೇಳಬೇಕು.

ಹಳೆಯ_ಓದುಗ

ಇದನ್ನು ಆ ಕಾಲದ ಫ್ರೆಂಚ್ ಚಿಂತಕ, ಕಲಾವಿಮರ್ಶಕ ದಿದೆರೋನಿಂದ ಆರಂಭಿಸಬೇಕು. ರೋಮ್‌ನಲ್ಲಿ ಹನ್ನೊಂದು ವರ್ಷ ಕಳೆದು 1765ರಲ್ಲಿ ಪ್ಯಾರಿಸ್ಸಿಗೆ ಮರಳಿದ ರೊಬೇರನನ್ನು ರಾಯಲ್ ಅಕಾಡೆಮಿ 1766ರಲ್ಲಿ ಸದಸ್ಯನನ್ನಾಗಿ ಸೇರಿಸಿಕೊಂಡಿತು. ಮರುವರ್ಷದ ಸಲೋನ್ ಪ್ರದರ್ಶನದಲ್ಲಿ ಅವನು ತನ್ನ ಪಾಳುಗಳನ್ನು ಮೊದಲ ಬಾರಿಗೆ ಸಾರ್ವಜನಿಕರ ಮುಂದಿಟ್ಟ. ಅವುಗಳ ಎದುರು ನಿಂತು ದಿದೆರೋ ಬರೆದ ಪುಟಗಳೇ ಈ ವಿಷಯದಲ್ಲಿ ಅತ್ಯಂತ ಪ್ರಸಿದ್ಧವಾದವು. ಎಲ್ಲವೂ ಅಳಿಯುತ್ತದೆ, ಉಳಿಯುವುದು ಜಗತ್ತು ಮಾತ್ರ, ಬಾಳುವುದು ಕಾಲ ಮಾತ್ರ ಎಂಬ ಧಾಟಿಯ ಮಾತುಗಳು ಅಲ್ಲಿವೆ.

ಆದರೆ ಆ ಪುಟಗಳನ್ನು ಪೂರ್ತಿಯಾಗಿ ಓದಿದವರಿಗೆ ಇನ್ನೊಂದು ವಿಷಯ ಗೊತ್ತಿರುತ್ತದೆ. ಅದೇ ಬರಹದಲ್ಲಿ ದಿದೆರೋ ರೊಬೇರನನ್ನು ಗದರಿಸುತ್ತಾನೆ. ನಿನ್ನ ಚಿತ್ರದಲ್ಲಿ ಜನ ಹೆಚ್ಚಾದರು, ಏಕಾಂತವನ್ನೂ ಮೌನವನ್ನೂ ಹೆಚ್ಚಿಸುವವರನ್ನು ಮಾತ್ರ ಉಳಿಸಿಕೊ, ಎದೆಯ ಮೇಲೆ ಕೈಕಟ್ಟಿ ತಲೆ ಬಾಗಿಸಿ ಆ ಕತ್ತಲಲ್ಲಿ ಅಲೆಯುವ ಒಬ್ಬನೇ ಒಬ್ಬ ಮನುಷ್ಯ ನನ್ನನ್ನು ಇದಕ್ಕಿಂತ ಹೆಚ್ಚು ಕಲಕುತ್ತಿದ್ದ ಎಂಬುದು ಅವನ ಆಕ್ಷೇಪ. ಅಂದರೆ ವಿಷಾದ ಅಲ್ಲಿ ಸಾಲದೆಂದು ದೂರಿದವನು ದಿದೆರೋನೇ. ರೇಖಾಸಕ್ತರ ಕಣ್ಣು ಸರಿಯಾಗಿಯೇ ನೋಡಿದೆ.

ಇತಿಹಾಸಪ್ರಿಯೆ

ಒಂದು ಮುಖ್ಯ ಸಂಗತಿಯನ್ನು ಸೇರಿಸುತ್ತೇನೆ. ದಿದೆರೋನ ಆ ಬರಹ ಆಗ ಅಚ್ಚಾಗಲಿಲ್ಲ. ಅದು ಅವನ ಗೆಳೆಯ ಗ್ರಿಮ್ ನಡೆಸುತ್ತಿದ್ದ ಕೈಬರಹದ ಪತ್ರಿಕೆಗಾಗಿ ಬರೆದದ್ದು, ಅದರ ಪ್ರತಿಗಳು ಹೋಗುತ್ತಿದ್ದುದು ಯುರೋಪಿನ ಕೆಲವೇ ಅರಮನೆಗಳಿಗೆ. ಪ್ಯಾರಿಸ್ಸಿನ ಓದುಗರ ಕೈಗೆ ಅದು ಮುದ್ರಿತ ರೂಪದಲ್ಲಿ ಸಿಕ್ಕಿದ್ದು 1790ರ ದಶಕದ ಕೊನೆಗೆ, ದಿದೆರೋ ತೀರಿಕೊಂಡು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಹಾಗಾಗಿ 1760 ಮತ್ತು 70ರ ದಶಕಗಳಲ್ಲಿ ರೊಬೇರನ ಹಾಳೆಗಳನ್ನು ಕೊಂಡವರು ದಿದೆರೋನನ್ನು ಓದಿ ಕೊಂಡವರಲ್ಲ. ಅವರಿಗೆ ಬೇರೇನೋ ಇಷ್ಟವಾಗಿತ್ತು.

ಏಕಾಂತ

ಇಷ್ಟು ಬೇಗ ತೀರ್ಪು ಕೊಡುವುದು ಸರಿಯಲ್ಲ. ದಿದೆರೋನ ಬರಹ ಪೆಟ್ಟಿಗೆಯಲ್ಲಿತ್ತು ಎಂದ ಮಾತ್ರಕ್ಕೆ ಆ ಭಾವನೆಯೂ ಪೆಟ್ಟಿಗೆಯಲ್ಲಿತ್ತು ಎಂದಾಗುವುದಿಲ್ಲ. ಹರ್ಕ್ಯುಲೇನಿಯಂ ಉತ್ಖನನ 1738ರಲ್ಲಿ, ಪಾಂಪೇಯಿಯದು 1748ರಲ್ಲಿ ಆರಂಭವಾಗಿತ್ತು. ಒಂದೇ ದಿನದಲ್ಲಿ ಇಡೀ ಊರು ಮುಚ್ಚಿಹೋಗಬಹುದು ಎಂಬುದು ಯುರೋಪಿನ ಕಣ್ಣೆದುರು ಬಂದಿತ್ತು. 1755ರಲ್ಲಿ ಲಿಸ್ಬನ್ ಭೂಕಂಪದಲ್ಲಿ ನೆಲಕ್ಕುರುಳಿತು, ಎರಡೇ ವರ್ಷಗಳಲ್ಲಿ ಲ ಬಾ ಎಂಬ ಪ್ಯಾರಿಸ್ಸಿನ ಮುದ್ರಕ ಆ ನಗರದ ಅವಶೇಷಗಳ ಚಿತ್ರಗಳನ್ನು ಅಚ್ಚು ಹಾಕಿ ಮಾರಿದ. ಇಂಥ ಕಾಲದಲ್ಲಿ ಮುರಿದ ಕಂಬವನ್ನು ನೋಡಿದವರಿಗೆ ಏನೂ ಅನ್ನಿಸಲಿಲ್ಲ ಎಂದು ನಂಬುವುದು ಕಷ್ಟ.

ರೊಬೇರನ ಚಿತ್ರದಲ್ಲಿ ಬಟ್ಟೆ ಒಗೆಯುವವಳ ಗಾತ್ರವನ್ನು ಒಮ್ಮೆ ಗಮನಿಸಿ. ಅವಳ ತಲೆಯ ಮೇಲಿನ ಕಮಾನು ಅವಳಿಗಿಂತ ಎಷ್ಟೋ ಪಾಲು ಎತ್ತರ. ಕಟ್ಟಿದವರು ಯಾರೆಂದು ಅರಿಯದೆ ಅವಳು ಅದರ ನೆರಳನ್ನು ಬಳಸುತ್ತಿದ್ದಾಳೆ. ನನಗೆ ಶೋಕ ಕಾಣುವುದು ಆ ಅರಿಯದಿರುವಿಕೆಯಲ್ಲೇ.

ಜಾಜುಗೆರೆ

ನಾನು ಚಿತ್ರ ಬರೆಯುವವಳು. ಸಾಹಿತ್ಯದ ಕಡೆಯಿಂದ ಇಷ್ಟು ಮಾತಾಡಿದ ಮೇಲೆ ಸಾಮಗ್ರಿಯ ಕಡೆಯಿಂದಲೂ ಸ್ವಲ್ಪ ನೋಡಬೇಕು ಎನಿಸುತ್ತದೆ.

ರೊಬೇರನೂ ಅವನ ಕಾಲದ ಇನ್ನೊಬ್ಬ ಫ್ರೆಂಚ್ ಚಿತ್ರಗಾರ ಫ್ರಾಗೊನಾರನೂ ಇಟಲಿಯಲ್ಲಿ ಹೆಚ್ಚಾಗಿ ಬಳಸಿದ್ದು ಸಾಂಗೀನ್ ಎನ್ನುವ ಕೆಂಪು ಚಾಕನ್ನು. ಕಬ್ಬಿಣದ ಅಂಶವಿರುವ ಕೆಮ್ಮಣ್ಣಿನ ಮೃದುವಾದ ಕಲ್ಲು ಅದು. ತುಂಡು ಕತ್ತರಿಸಿ, ಲೋಹದ ಹಿಡಿಕೆಗೆ ಸಿಕ್ಕಿಸಿ ಬರೆಯುತ್ತಾರೆ. ಅದಕ್ಕೆ ಒಂದು ಸ್ವಭಾವವಿದೆ. ಎಷ್ಟೇ ಒತ್ತಿ ಬರೆದರೂ, ತುದಿಯನ್ನು ಒದ್ದೆ ಮಾಡಿ ಬರೆದರೂ, ಅದರಿಂದ ನಿಜವಾದ ಕಪ್ಪು ಬರುವುದಿಲ್ಲ. ಅತಿ ಗಾಢವಾದ ನೆರಳು ಕೂಡ ಬೆಚ್ಚಗಿನ ಕಂದುಗೆಂಪಾಗಿಯೇ ಉಳಿಯುತ್ತದೆ. ಬಿಸಿಲು ಬೀಳುವ ಕಡೆ ಚಿತ್ರಗಾರ ಏನನ್ನೂ ಬರೆಯುವುದಿಲ್ಲ, ಕಾಗದವನ್ನು ಹಾಗೆಯೇ ಬಿಡುತ್ತಾನೆ. ನೆರಳಿನ ಗೆರೆಗಳು ಓರೆಯಾಗಿ, ಒಂದರ ಪಕ್ಕ ಒಂದು, ಬೇಗ ಬೇಗ ಬೀಳುತ್ತವೆ. ಆ ಗೆರೆಗಳ ನಡುವೆಯೂ ಕಾಗದ ಕಾಣುವುದರಿಂದ ನೆರಳಿನೊಳಗೂ ಬೆಳಕು ಆಡುತ್ತಿರುತ್ತದೆ.

ಇದರ ಪಕ್ಕದಲ್ಲಿ, ಅದೇ ಪಾಳುಗಳನ್ನು ಚಿತ್ರಿಸಿದ ಇಟಲಿಯ ಪಿರನೇಸಿಯ ಅಚ್ಚುಚಿತ್ರವನ್ನಿಟ್ಟು ನೋಡಿ. ಅವನು ತಾಮ್ರದ ತಗಡನ್ನು ಆಮ್ಲದಲ್ಲಿ ಮತ್ತೆ ಮತ್ತೆ ಕೊರೆಯಿಸಿ ತೆಗೆದ ಕಪ್ಪು ಎಷ್ಟು ಆಳವಾದದ್ದೆಂದರೆ, ಅದೇ ಕಲೋಸಿಯಂ ಅವನ ಹಾಳೆಯಲ್ಲಿ ಭಯ ಹುಟ್ಟಿಸುತ್ತದೆ, ರೊಬೇರನ ಹಾಳೆಯಲ್ಲಿ ಮಧ್ಯಾಹ್ನದ ಸೆಖೆಯನ್ನು ನೆನಪಿಸುತ್ತದೆ. ರೊಬೇರನ ಪಾಳುಗಳಲ್ಲಿ ಶೋಕ ಕಡಿಮೆ ಇರುವುದಕ್ಕೆ ಕೈಯಲ್ಲಿದ್ದ ಕೆಂಪು ಚಾಕ್ ಕೂಡ ಒಂದು ಕಾರಣ ಎಂದು ನಾನು ದೃಢವಾಗಿ ನಂಬುತ್ತೇನೆ.

ಇತಿಹಾಸಪ್ರಿಯೆ

ಪಿರನೇಸಿಯ ಹೋಲಿಕೆ ಬಹಳ ಸೂಕ್ತವಾಗಿದೆ. ಆಗ ತರುಣ ಕಲಾವಿದರು ಕಲಿಯುವ ಫ್ರೆಂಚ್ ಅಕಾಡೆಮಿ ಇದ್ದದ್ದು ರೋಮ್‌ನ ಕೋರ್ಸೊ ಬೀದಿಯ ಮಾಂಚೀನಿ ಅರಮನೆಯಲ್ಲಿ, ಪಿರನೇಸಿಯ ಅಂಗಡಿ ಇದ್ದದ್ದು ಅದರ ಎದುರಿನಲ್ಲೇ. ಅಲ್ಲಿದ್ದ ಫ್ರೆಂಚ್ ತರುಣರು ಅವನ ಹೊಸ ಅಚ್ಚುಗಳನ್ನು ನೋಡದೆ ಇರುವುದು ಸಾಧ್ಯವೇ ಇರಲಿಲ್ಲ.

ಏಕಾಂತ

ಜಾಜುಗೆರೆಯವರೇ, ನಿಮ್ಮ ವಿವರಣೆಯನ್ನು ಗೌರವದಿಂದ ಓದಿದೆ, ಆದರೆ ತೀರ್ಮಾನವನ್ನು ಒಪ್ಪಲಾರೆ. ಚಿತ್ರದ ಭಾವವನ್ನು ಚಾಕ್ ನಿರ್ಧರಿಸುವುದಾದರೆ ಅದೇ ಕೆಂಪು ಚಾಕಿನಲ್ಲಿ ಫ್ರಾಗೊನಾರ್ ಬರೆದ, ರೋಮ್ ಹತ್ತಿರದ ತಿವೊಲಿಯ ವಿಲ್ಲಾ ದೆಸ್ತೆಯ ಚಿತ್ರಗಳಿಗೆ ಏನು ಹೇಳುತ್ತೀರಿ? ಅಲ್ಲಿನ ಸೈಪ್ರಸ್ ಮರಗಳ ಗಾಂಭೀರ್ಯ ಎದೆಯನ್ನು ಹಿಡಿಯುತ್ತದೆ. ಚಿತ್ರಗಾರ ಆರಿಸಿಕೊಂಡದ್ದರಿಂದ ಸಾಮಗ್ರಿ ಬಂತು, ಸಾಮಗ್ರಿಯಿಂದ ಚಿತ್ರಗಾರ ಬರಲಿಲ್ಲ. ಅಷ್ಟೇ ಅಲ್ಲ, ರೊಬೇರ್ ಲೇಖನಿ, ಕಂದು ಮಸಿ, ಜಲವರ್ಣಗಳಲ್ಲೂ ಯಥೇಚ್ಛವಾಗಿ ಕೆಲಸ ಮಾಡಿದ್ದಾನೆ.

ಜಾಜುಗೆರೆ

ನಿರ್ಧರಿಸುತ್ತದೆ ಎಂದು ನಾನು ಹೇಳಲಿಲ್ಲ, ಒಂದು ಕಾರಣ ಎಂದೆ. ಫ್ರಾಗೊನಾರನ ಆ ಹಾಳೆಗಳಲ್ಲೂ ಮರಗಳ ಬುಡದಲ್ಲಿ ನಿಂತವರು ಶೋಕಿಸುತ್ತಿಲ್ಲ, ತಿರುಗಾಡಲು ಬಂದವರು ಅವರು.

ಮಂಡ್ಯದ_ಮೇಷ್ಟ್ರು

ವಿಲ್ಲಾ ದೆಸ್ತೆ ಪಾಳು ಕಟ್ಟಡವಲ್ಲವಲ್ಲ, ಅದು ಉದ್ಯಾನ. ಅದು ಈ ಚರ್ಚೆಗೆ ಹೇಗೆ ಬಂತು?

ಹಳೆಯ_ಓದುಗ

ಮೇಷ್ಟ್ರೇ, ಅದು ಬರಲೇಬೇಕು. 16ನೆಯ ಶತಮಾನದಲ್ಲಿ ಒಬ್ಬ ಕಾರ್ಡಿನಲ್ ಅಳತೆ ಹಿಡಿದು ಮಾಡಿಸಿದ ಉದ್ಯಾನ ಅದು. ಫ್ರಾಗೊನಾರ್ ನೋಡುವ ಹೊತ್ತಿಗೆ ಮಾಲೀಕರು ದೂರದ ಮೋದೆನಾದಲ್ಲಿದ್ದರು, ಆರೈಕೆ ತಪ್ಪಿ ಎರಡು ಶತಮಾನಗಳ ಮರಗಳು ತಮ್ಮ ಪಾಡಿಗೆ ತಾವು ಬೆಳೆದು ಮೆಟ್ಟಿಲುಗಳನ್ನೂ ಕಾರಂಜಿಗಳನ್ನೂ ಮುಚ್ಚಿಕೊಂಡಿದ್ದವು. 1760ರ ಬೇಸಿಗೆಯಲ್ಲಿ ಅಬ್ಬೆ ಸ್ಯಾಂ-ನೋನ್ ಎಂಬ ಶ್ರೀಮಂತ ಕಲಾಭಿಮಾನಿ ಆ ವಿಲ್ಲಾವನ್ನು ಬಳಸಲು ಅನುಮತಿ ಪಡೆದು ಫ್ರಾಗೊನಾರನನ್ನು ಕರೆದುಕೊಂಡು ಹೋಗಿ ಇರಿಸಿಕೊಂಡ. ಆಗ ಹುಟ್ಟಿದ ದೊಡ್ಡ ಕೆಂಪು ಹಾಳೆಗಳಲ್ಲಿ ಬಹುಪಾಲು ಈಗ ಬೆಸಾನ್ಸೋನ್ ನಗರದ ಮ್ಯೂಸಿಯಂನಲ್ಲಿವೆ, ಪಿಯರ್-ಆದ್ರಿಯಾನ್ ಪಾರಿ ಎಂಬ ವಾಸ್ತುಶಿಲ್ಪಿಯ ಸಂಗ್ರಹದಿಂದ ಬಂದವು ಅವು.

ಮನುಷ್ಯ ಹಾಕಿದ ಲೆಕ್ಕಾಚಾರವನ್ನು ಗಿಡಮರಗಳು ನಿಧಾನವಾಗಿ ಮೀರುವುದನ್ನು ಆ ಹಾಳೆಗಳು ತೋರಿಸುತ್ತವೆ. ರೊಬೇರನ ರೋಮ್‌ನಲ್ಲಿ ನಡೆಯುತ್ತಿರುವುದೂ ಅದೇ ಕ್ರಿಯೆ, ಅಲ್ಲಿ ಉದ್ಯಾನದ ಬದಲು ಸ್ನಾನಗೃಹ, ದೇವಾಲಯ, ಕಾಲುವೆಗಳಿವೆ ಅಷ್ಟೇ.

ಇತಿಹಾಸಪ್ರಿಯೆ

ಹೀಗೆ ಹೊರಗೆ ಹೋಗಿ ಬರೆದದ್ದರ ಶ್ರೇಯಸ್ಸಿನಲ್ಲಿ ರೋಮ್ ಅಕಾಡೆಮಿಯ ನಿರ್ದೇಶಕ ನಾತ್ವಾರನಿಗೂ ಪಾಲು ಸಲ್ಲಬೇಕು. 1751ರಿಂದ 1775ರವರೆಗೆ ಅವನು ಅಲ್ಲಿದ್ದ. ಅಕಾಡೆಮಿಗೆ ಬರುವ ತರುಣರ ಅಧಿಕೃತ ಕೆಲಸ ರಫೇಲನನ್ನು ನಕಲು ಮಾಡುವುದು, ಮಾದರಿಗಳನ್ನು ಕೂರಿಸಿ ಬರೆಯುವುದು. ನಾತ್ವಾರ್ ಅವರನ್ನು ಬಯಲಿಗೆ ಕಳಿಸಿದ, ತಾನೂ ಹೋಗಿ ನೀಲಿ ಕಾಗದದ ಮೇಲೆ ರೋಮ್ ಸುತ್ತಲಿನ ದೃಶ್ಯಗಳನ್ನು ಬರೆದ. ಪಾಳುಗಳ ಚಿತ್ರಕ್ಕೆ ಹೆಸರಾಗಿದ್ದ ಪನ್ನೀನಿ ಅದೇ ಅಕಾಡೆಮಿಯಲ್ಲಿ ದೂರ ಹತ್ತಿರಗಳನ್ನು ರೇಖೆಗಳಲ್ಲಿ ತೋರಿಸುವ ಶಾಸ್ತ್ರವನ್ನು, ಅಂದರೆ ಪರ್ಸ್‌ಪೆಕ್ಟಿವ್ ಅನ್ನು ಕಲಿಸುತ್ತಿದ್ದ. ರೊಬೇರ್ ಸ್ಪರ್ಧೆಯಲ್ಲಿ ಗೆದ್ದು ಅಲ್ಲಿಗೆ ಬಂದವನಲ್ಲ. ಅವನ ತಂದೆ ಕೆಲಸಕ್ಕಿದ್ದ ಮನೆತನದ ಸ್ಟ್ಯಾನ್‌ವಿಲ್ 1754ರಲ್ಲಿ ರಾಯಭಾರಿಯಾಗಿ ರೋಮ್‌ಗೆ ಹೊರಟಾಗ ಪರಿವಾರದೊಂದಿಗೆ ಬಂದವನು. ಈ ಸ್ಟ್ಯಾನ್‌ವಿಲ್‌ನೇ ಮುಂದೆ ಮಂತ್ರಿ ಶ್ವಾಸೆಲ್ ಎಂದು ಪ್ರಸಿದ್ಧನಾದ.

ಇನ್ನು ದನಗಳ ವಿಷಯ. ರೋಮನ್ ಫೋರಂ ಅನ್ನು ಆ ಕಾಲದ ಜನ ಕರೆಯುತ್ತಿದ್ದುದೇ ದನಗಳ ಬಯಲು ಎಂದು. ಮಣ್ಣು ತುಂಬಿ ನೆಲ ಎಷ್ಟೋ ಮೇಲೆ ಬಂದಿತ್ತು, ಸೆಪ್ಟಿಮಿಯಸ್ ಸೆವೆರಸ್ ಕಮಾನು ಅರ್ಧ ಹೂತುಹೋಗಿತ್ತು, ಅಲ್ಲಿ ದನಗಳ ವ್ಯಾಪಾರ ನಡೆಯುತ್ತಿತ್ತು. ಕಲೋಸಿಯಂ ಒಳಗೆ ಪೋಪ್ 14ನೆಯ ಬೆನೆಡಿಕ್ಟ್ ಶಿಲುಬೆಯ ಹಾದಿಯ ಗುಡಿಗಳನ್ನು ಕಟ್ಟಿಸಿ ಪ್ರಾರ್ಥನೆ ನಡೆಸುತ್ತಿದ್ದರು. ಹಾಗಾಗಿ ರೊಬೇರ್ ಜನರನ್ನು ಕಲ್ಪಿಸಿ ತುಂಬಿಸಿದ ಎನ್ನಲಾಗದು, ಅವರು ಅಲ್ಲಿ ಇದ್ದರು. ಎಂದೂ ರೋಮ್‌ಗೆ ಹೋಗದ ದಿದೆರೋ ಅವರನ್ನು ತೆಗೆಯಲು ಹೇಳಿದ.

ತುಂಗಭದ್ರೆ

ಹೊಸಪೇಟೆಯ ಹತ್ತಿರ ಬೆಳೆದವಳಾಗಿ ಒಂದು ಮಾತು. ಕುಸಿದ ಮಂಟಪದ ನೆರಳಿನಲ್ಲಿ ಆಡು ಮೇಯಿಸುವವರು ಕುಳಿತಿರುವುದನ್ನು ನೋಡುತ್ತಲೇ ದೊಡ್ಡವಳಾದೆ. ರೊಬೇರನ ಹಾಳೆಗಳಲ್ಲಿರುವ ಜನರ ಕುಳಿತ ಭಂಗಿ, ಕಲ್ಲಿಗೆ ಬೆನ್ನು ಒರಗಿಸಿದ ರೀತಿ ನನಗೆ ಬಹಳ ನಿಜ ಎನಿಸುತ್ತದೆ. ಅಲ್ಲಿ ಬದುಕುವವರಿಗೆ ಅದು ಪಾಳು ಅಲ್ಲ, ಅದು ಅವರ ಜಾಗ.

ಏಕಾಂತ

ತುಂಗಭದ್ರೆಯವರ ಮಾತನ್ನು ಒಪ್ಪುತ್ತೇನೆ. ಆದರೆ ಆ ಹಾಳೆಯನ್ನು ಕೊಂಡು ಗೋಡೆಗೆ ಹಾಕಿದವನು ಆಡು ಮೇಯಿಸುವವನಲ್ಲ, ಪ್ಯಾರಿಸ್ಸಿನ ಧನಿಕ. ಅವನ ಕಣ್ಣಿಗೆ ಬಟ್ಟೆ ಒಗೆಯುವವಳೂ ಪಾಳಿನ ಒಂದು ಅಲಂಕಾರವಾಗಿಬಿಡುತ್ತಾಳೆ, ಮುರಿದ ಕಂಬದ ಪಕ್ಕ ಬೆಳೆದ ಪೊದೆಯಂತೆ. ರಮ್ಯ ಆಕರ್ಷಣೆ ಹುಟ್ಟುವುದು ಹಾಗೆ ದೂರದಿಂದ ನೋಡಿದಾಗ ಮಾತ್ರ. ರೊಬೇರ್ ಬಡವರ ದುಡಿಮೆಯನ್ನು ಚಂದ ಮಾಡಿ ಮಾರಿದ ಎಂಬ ಆಕ್ಷೇಪಕ್ಕೆ ಅವನ ಅಭಿಮಾನಿಗಳು ಉತ್ತರ ಕೊಡಬೇಕಾಗುತ್ತದೆ.

ತುಂಗಭದ್ರೆ

ಕೊಂಡವನ ದೃಷ್ಟಿಯನ್ನೇ ಬರೆದವನ ದೃಷ್ಟಿ ಎನ್ನಬೇಕೇ? ರೊಬೇರ್ ಸೇವಕರ ಮನೆಯ ಮಗ. ಅವನ ಚಿತ್ರದ ಹೆಂಗಸರು ನೋಡುಗರಿಗಾಗಿ ಭಂಗಿ ಹಿಡಿದು ನಿಂತಿಲ್ಲ. ಬಹುಪಾಲು ಜನರ ಬೆನ್ನು ನಮ್ಮ ಕಡೆಗಿರುತ್ತದೆ.

ಲಿಯೋನ್_ಕನ್ನಡಿಗ

ನಾನು ಫ್ರಾನ್ಸಿನ ಲಿಯೋನ್‌ನಲ್ಲಿದ್ದೇನೆ. ಇಲ್ಲಿಂದ ದಕ್ಷಿಣಕ್ಕೆ ರೈಲಿನಲ್ಲಿ ಹೆಚ್ಚು ದೂರವೇನಲ್ಲದ ವಾಲಾನ್ಸ್ ಪಟ್ಟಣದ ಮ್ಯೂಸಿಯಂನಲ್ಲಿ ರೊಬೇರನ ಕೆಂಪು ಚಾಕಿನ ಚಿತ್ರಗಳ ದೊಡ್ಡ ಸಂಗ್ರಹವಿದೆ, 19ನೆಯ ಶತಮಾನದಲ್ಲಿ ವೇರಾಂಕ್ ಎಂಬ ಸಂಗ್ರಾಹಕ ಕೊಟ್ಟದ್ದು. ಬೆಳಕಿಗೆ ಕಾಗದ ಕೆಡುವುದರಿಂದ ಎಲ್ಲವನ್ನೂ ಒಟ್ಟಿಗೆ ಪ್ರದರ್ಶನಕ್ಕೆ ಇಡುವುದಿಲ್ಲ, ಸರದಿಯ ಮೇಲೆ ಕೆಲವನ್ನು ಮಂದ ಬೆಳಕಿನಲ್ಲಿ ತೂಗುಹಾಕುತ್ತಾರೆ.

ಅವುಗಳಲ್ಲಿ ಒಂದರ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಬೋರ್ಗೀಸ್ ಹೂದಾನಿಯನ್ನು ಚಿತ್ರಿಸುತ್ತಿರುವ ತರುಣನ ಚಿತ್ರ ಅದು, ಸುಮಾರು 1775ರದ್ದು. ಅಮೃತಶಿಲೆಯ ಭಾರಿ ಹೂದಾನಿಯ ಮುಂದೆ ಒಬ್ಬ ಹುಡುಗ ಕುಳಿತು ಬರೆಯುತ್ತಿದ್ದಾನೆ, ಹಿಂದೆ ಕಲೋಸಿಯಂ ಎದ್ದಿದೆ. ನಿಜವಾದ ರೋಮ್‌ನಲ್ಲಿ ಆ ಹೂದಾನಿ ಕಲೋಸಿಯಂ ಪಕ್ಕದಲ್ಲಿರಲಿಲ್ಲ, ಊರಿನ ಇನ್ನೊಂದು ಕಡೆ ವಿಲ್ಲಾ ಬೋರ್ಗೀಸ್‌ನಲ್ಲಿತ್ತು. ರೊಬೇರ್ ಅದನ್ನು ಬರೆದದ್ದೂ ರೋಮ್‌ನಲ್ಲಿ ಅಲ್ಲ, ಪ್ಯಾರಿಸ್ಸಿಗೆ ಮರಳಿ ಹತ್ತು ವರ್ಷ ಕಳೆದ ಮೇಲೆ. ಸ್ಥಳದಲ್ಲಿ ಬರೆದಿಟ್ಟುಕೊಂಡ ಹಾಳೆಗಳನ್ನು ಮುಂದಿಟ್ಟುಕೊಂಡು ಅವನು ತನಗೆ ಬೇಕಾದ ರೋಮ್ ಅನ್ನು ಜೋಡಿಸಿಕೊಳ್ಳುತ್ತಿದ್ದ. ಹಾಗಾಗಿ ಇತಿಹಾಸಪ್ರಿಯೆಯವರು ಹೇಳುವಂತೆ ಇವು ಕಂಡದ್ದನ್ನು ಕಂಡ ಹಾಗೆ ಬರೆದ ಚಿತ್ರಗಳು ಎನ್ನುವುದು ಪೂರ್ತಿ ಸರಿಯಾಗದು. ದನ ನಿಜ, ಅಗಸಗಿತ್ತಿ ನಿಜ, ಕಮಾನೂ ನಿಜ. ಅವು ಒಂದೇ ಕಡೆ ಸೇರಿದ್ದು ಕಾಗದದ ಮೇಲೆ.

ಇತಿಹಾಸಪ್ರಿಯೆ

ಈ ವ್ಯತ್ಯಾಸ ಅಗತ್ಯವಾಗಿತ್ತು. 1765ರ ಒಳಗಿನ ಹಾಳೆಗಳನ್ನೂ ಪ್ಯಾರಿಸ್ಸಿನಲ್ಲಿ ಜೋಡಿಸಿದವುಗಳನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಜಾಜುಗೆರೆ

ಲಿಯೋನ್ ಕನ್ನಡಿಗರೇ, ಅಲ್ಲಿ ಕೌಂಟರ್‌ಪ್ರೂಫ್‌ಗಳನ್ನು ಗಮನಿಸಿದಿರಾ? ಪ್ಯಾರಿಸ್ಸಿನ ಮಾರುಕಟ್ಟೆಯನ್ನು ಅರ್ಥಮಾಡಿಕೊಳ್ಳಲು ಅವು ಬಹಳ ಮುಖ್ಯ.

ಮಂಡ್ಯದ_ಮೇಷ್ಟ್ರು

ಕೌಂಟರ್‌ಪ್ರೂಫ್ ಎಂದರೆ ಏನೆಂದು ದಯವಿಟ್ಟು ಬಿಡಿಸಿ ಹೇಳಿ.

ಜಾಜುಗೆರೆ

ಕೆಂಪು ಚಾಕಿನಲ್ಲಿ ಬರೆದ ಹಾಳೆಯ ಮೇಲೆ ಸ್ವಲ್ಪ ತೇವ ಮಾಡಿದ ಇನ್ನೊಂದು ಹಾಳೆಯನ್ನು ಇಟ್ಟು, ಎರಡನ್ನೂ ಒಟ್ಟಿಗೆ ಅಚ್ಚಿನ ರೋಲರ್ ನಡುವೆ ಹಾಯಿಸುತ್ತಾರೆ. ಮೂಲದ ಮೇಲೆ ಸಡಿಲವಾಗಿ ಕುಳಿತಿದ್ದ ಪುಡಿ ಒದ್ದೆ ಹಾಳೆಗೆ ಅಂಟಿಕೊಳ್ಳುತ್ತದೆ, ಹೀಗೆ ಎರಡನೆಯ ಚಿತ್ರ ಸಿಗುತ್ತದೆ. ಒಂದನ್ನು ಮಾರಿ ಒಂದನ್ನು ತಾನೇ ಇಟ್ಟುಕೊಳ್ಳಬಹುದು, ಮುಂದೆ ಅದರಿಂದ ಹೊಸ ದೃಶ್ಯಗಳನ್ನು ಕಟ್ಟಬಹುದು. ಹೆಚ್ಚುವರಿ ಪುಡಿ ಹೋಗುವುದರಿಂದ ಮೂಲ ಹಾಳೆಯೂ ಮಸಕಾಗದೆ ಬಾಳಿಕೆ ಬರುತ್ತದೆ.

ಗುರುತಿಸುವ ಬಗೆ ಹೀಗೆ. ಬಣ್ಣ ಪೇಲವವಾಗಿ, ಗೆರೆಯ ಅಂಚು ಮೆತ್ತಗೆ ಕಾಣುತ್ತದೆ. ಬಲಗೈಯವರ ನೆರಳು ಗೆರೆಗಳು ಸಾಮಾನ್ಯವಾಗಿ ಎಡಕೆಳಗಿನಿಂದ ಬಲಮೇಲಕ್ಕೆ ಏರುತ್ತವೆ, ಇಲ್ಲಿ ಅವು ತಿರುವುಮುರುವಾಗಿರುತ್ತವೆ. ರೊಬೇರನ ವಿಷಯದಲ್ಲಿ ಇನ್ನೊಂದು ಸುಳಿವೂ ಇದೆ. ಅವನು ತನ್ನ ಹೆಸರನ್ನೂ ಇಸವಿಯನ್ನೂ ಹಳೆಯ ಶಾಸನದಂತೆ ಚಿತ್ರದೊಳಗಿನ ಕಲ್ಲಿನ ಮೇಲೆ ಬರೆಯುತ್ತಿದ್ದ. ಕೌಂಟರ್‌ಪ್ರೂಫ್‌ನಲ್ಲಿ ಆ ಅಕ್ಷರಗಳು ಹಿಂದುಮುಂದಾಗಿ ಬೀಳುತ್ತವೆ.

ಆ ಶಾಸನದ ಅಭ್ಯಾಸ ನಮ್ಮ ಮೂಲ ಪ್ರಶ್ನೆಗೂ ಸಂಬಂಧಿಸಿದ್ದು. ಕಾಲ ಎಲ್ಲವನ್ನೂ ಅಳಿಸುತ್ತದೆ ಎಂದು ದುಃಖಿಸುವವನು ತನ್ನ ಹೆಸರನ್ನು ಮುರಿದ ಕಲ್ಲಿನ ಮೇಲೆ ಅಷ್ಟು ನೆಮ್ಮದಿಯಿಂದ ಕೆತ್ತಿಕೊಳ್ಳುತ್ತಾನೆಯೇ?

ಏಕಾಂತ

ಕೆತ್ತಿಕೊಳ್ಳುತ್ತಾನೆ. ತಾನೂ ಆ ಕಲ್ಲಿನಂತೆ ಮುರಿಯುವವನೇ ಎಂದು ಬಲ್ಲವನು ಮಾಡುವ ಕೆಲಸವೇ ಅದು.

ಹೊಸಬ_77

ಫ್ರಾನ್ಸಿನ ಶ್ರೀಮಂತರು ತಮ್ಮ ಪತನವನ್ನು ಮೊದಲೇ ಗ್ರಹಿಸಿ ಪಾಳುಗಳನ್ನು ಪ್ರೀತಿಸಿದರು ಎಂದು ಒಂದು ಕಡೆ ಓದಿದೆ. ಕ್ರಾಂತಿಯ ಮುನ್ಸೂಚನೆ ಈ ಚಿತ್ರಗಳಲ್ಲಿದೆಯೇ?

ಇತಿಹಾಸಪ್ರಿಯೆ

ಅದನ್ನು ನಂಬಬೇಡಿ. 1789ನ್ನು ತಿಳಿದಿರುವ ನಾವು 1760ರ ಹಾಳೆಯ ಮೇಲೆ ಅದನ್ನು ಓದುತ್ತಿದ್ದೇವೆ. ಆ ಶ್ರೀಮಂತರ ನಡವಳಿಕೆಯಲ್ಲಿ ಭಯದ ಕುರುಹು ಇಲ್ಲ, ಆತ್ಮವಿಶ್ವಾಸ ಧಾರಾಳವಾಗಿದೆ. ಅವರು ಹಣ ಸುರಿದು ತಮ್ಮ ತೋಟಗಳಲ್ಲಿ ಹೊಸ ಪಾಳುಗಳನ್ನು ಕಟ್ಟಿಸಿಕೊಂಡರು. ಮೋನ್‌ವಿಲ್ ಎಂಬವನು ರೆತ್ಸ್‌ನ ತನ್ನ ತೋಟದಲ್ಲಿ ಮುರಿದ ದೈತ್ಯ ಕಂಬದ ಆಕಾರದಲ್ಲಿ ಮನೆಯನ್ನೇ ಕಟ್ಟಿಸಿ ಅದರೊಳಗೆ ವಾಸಿಸಿದ. ರೊಬೇರ್ 1778ರಲ್ಲಿ ರಾಜನ ಉದ್ಯಾನಗಳ ವಿನ್ಯಾಸಗಾರನಾಗಿ ನೇಮಕಗೊಂಡ. 1786ರಿಂದ ಮೆರೆವಿಲ್‌ನಲ್ಲಿ ಲಾಬೋರ್ದ್ ಎಂಬ ಕುಬೇರನಿಗಾಗಿ ತನ್ನ ಚಿತ್ರಗಳಲ್ಲಿರುವಂಥ ಬಂಡೆ, ಜಲಪಾತ, ಸೇತುವೆ, ದೇವಾಲಯಗಳನ್ನು ನೆಲದ ಮೇಲೆಯೇ ಮಾಡಿಸಿದ. ಆ ಲಾಬೋರ್ದ್ 1794ರಲ್ಲಿ ಗಿಲೊಟಿನ್‌ಗೆ ಬಲಿಯಾದ, ಆದರೆ ತೋಟ ಮಾಡಿಸುವಾಗ ಅವನಿಗೆ ಅದರ ಸುಳಿವೂ ಇರಲಿಲ್ಲ.

ಹಳೆಯ_ಓದುಗ

ಎರ್ಮೆನೊನ್‌ವಿಲ್ ಉದ್ಯಾನದ ತತ್ತ್ವಶಾಸ್ತ್ರದ ದೇವಾಲಯವನ್ನು ಇದರ ಜೊತೆಗೆ ಸೇರಿಸಬೇಕು. ಉದ್ಯಾನದ ಮಾಲೀಕ ಜಿರಾರ್ದಾನ್ ಅದನ್ನು ಕಟ್ಟಿಸುವಾಗ ಬೇಕೆಂದೇ ಅರ್ಧಕ್ಕೆ ನಿಲ್ಲಿಸಿದ. ನಿಂತಿರುವ ಒಂದೊಂದು ಕಂಬವೂ ಒಬ್ಬೊಬ್ಬ ಚಿಂತಕನ ಹೆಸರಿನದು, ಇನ್ನೂ ಕೆಲವು ಕಂಬಗಳು ಪಕ್ಕದಲ್ಲಿ ನೆಲದ ಮೇಲೆ ಬಿದ್ದಿವೆ, ಮುಂದೆ ಹುಟ್ಟುವವರಿಗಾಗಿ. ನೋಡಲು ಅದು ಪಾಳು ದೇವಾಲಯ, ಆದರೆ ಅದು ಹೇಳುವುದು ಇನ್ನೂ ಮುಗಿಯದ ಕೆಲಸದ ಬಗ್ಗೆ. ಅಲ್ಲೇ ಹತ್ತಿರದ ದ್ವೀಪದಲ್ಲಿ 1778ರಲ್ಲಿ ರೂಸೋನನ್ನು ಸಮಾಧಿ ಮಾಡಿದರು.

ಪ್ಯಾರಿಸ್ಸಿನವರಿಗೆ ಮುಗಿಯದ ಕಟ್ಟಡವೂ ಮುರಿದ ಕಟ್ಟಡವೂ ಒಂದೇ ಥರ ಕಾಣುವುದು ಹೊಸತೂ ಅಲ್ಲ. ರಾಜರು ವರ್ಸೇಲ್ಸಿಗೆ ಹೋದ ಮೇಲೆ ಲೂವ್ರ ಅರಮನೆಯ ಹಲವು ಭಾಗಗಳು ಶತಮಾನದ ಮಧ್ಯದವರೆಗೂ ಸೂರಿಲ್ಲದೆ ನಿಂತಿದ್ದವು.

ಲಿಯೋನ್_ಕನ್ನಡಿಗ

ಲೂವ್ರ ಎಂದ ಕೂಡಲೇ 1796ರ ಚಿತ್ರವನ್ನು ಪ್ರಸ್ತಾಪಿಸಲೇಬೇಕು. ಅದು ತೈಲಚಿತ್ರ, ರೇಖಾಚಿತ್ರವಲ್ಲ, ಆದರೂ ಈ ಚರ್ಚೆಯ ಗಂಟು ಅಲ್ಲಿಯೇ ಇದೆ. ಕ್ರಾಂತಿಯ ಗದ್ದಲದಲ್ಲಿ ರೊಬೇರ್ 1793ರ ಕೊನೆಯಲ್ಲಿ ಬಂಧನಕ್ಕೊಳಗಾದ, ಸೆರೆಮನೆಯಲ್ಲಿ ಊಟದ ತಟ್ಟೆಗಳ ಮೇಲೂ ಚಿತ್ರ ಬರೆದ, ಕ್ರಾಂತಿಯ ನಾಯಕ ರೋಬ್‌ಸ್ಪಿಯರ್ ಪತನವಾದ ಮೇಲೆ 1794ರಲ್ಲಿ ಹೊರಬಂದ. ಅನಂತರ ಲೂವ್ರ ಮ್ಯೂಸಿಯಂ ಅನ್ನು ನೋಡಿಕೊಳ್ಳುವ ಮಂಡಳಿಯಲ್ಲಿ ಒಬ್ಬನಾದ. 1796ರ ಸಲೋನ್‌ನಲ್ಲಿ ಅವನು ಎರಡು ಚಿತ್ರಗಳನ್ನು ಜೊತೆಯಾಗಿ ತೋರಿಸಿದ. ಒಂದು, ಲೂವ್ರದ ದೊಡ್ಡ ಗ್ಯಾಲರಿಗೆ ಮೇಲಿನಿಂದ ಬೆಳಕು ಬರುವಂತೆ ಮಾಡಬೇಕೆಂಬ ಯೋಜನೆ. ಇನ್ನೊಂದು, ಅದೇ ಗ್ಯಾಲರಿ ಮುಂದೊಂದು ಕಾಲದಲ್ಲಿ ಪಾಳುಬಿದ್ದ ದೃಶ್ಯ.

ಆ ಎರಡನೆಯದರಲ್ಲಿ ಛಾವಣಿ ಕುಸಿದಿದೆ, ಮೈಕೆಲೆಂಜೆಲೊ ಕೆತ್ತಿದ ಸೆರೆಯಾಳಿನ ಮೂರ್ತಿ ನೆಲಕ್ಕೆ ಬಿದ್ದಿದೆ, ಬೆಲ್ವೆಡೇರಿನ ಅಪೊಲೊ ಮಾತ್ರ ನಿಂತಿದ್ದಾನೆ. ಅದರ ಮುಂದೆ ಒಬ್ಬ ಕುಳಿತು ಅಪೊಲೊನನ್ನು ಬರೆಯುತ್ತಿದ್ದಾನೆ. ಬೋರ್ಗೀಸ್ ಹೂದಾನಿಯ ಮುಂದೆ ಕುಳಿತಿದ್ದ ಹುಡುಗನ ಕೆಲಸವೇ ಅವನದೂ. ರೊಬೇರನ ಎಷ್ಟೋ ಪಾಳುಗಳಲ್ಲಿ ಹುಡುಕಿದರೆ ಒಂದು ಮೂಲೆಯಲ್ಲಿ ತೊಡೆಯ ಮೇಲೆ ಹಲಗೆ ಇಟ್ಟುಕೊಂಡ ಇಂಥವನೊಬ್ಬ ಸಿಗುತ್ತಾನೆ.

ರೇಖಾಸಕ್ತ

ಎಲ್ಲರಿಗೂ ಧನ್ಯವಾದಗಳು. ಚಿತ್ರದೊಳಗಿನ ಚಿತ್ರಗಾರನ ಬಗ್ಗೆ ಬಂದ ಈ ಮಾತು ನನ್ನ ಪ್ರಶ್ನೆಯನ್ನು ಬಹಳ ಮುಂದಕ್ಕೆ ಒಯ್ದಿದೆ. ದಿದೆರೋ ಕೇಳಿದ್ದು ಕೈಕಟ್ಟಿ ತಲೆಬಾಗಿಸಿ ನಡೆಯುವ ಒಬ್ಬ ಮನುಷ್ಯನನ್ನು. ರೊಬೇರ್ ಆ ಜಾಗದಲ್ಲಿ ಕೂರಿಸಿದ್ದು ಕೈಯಲ್ಲಿ ಚಾಕ್ ಹಿಡಿದು ತಲೆ ಎತ್ತಿ ನೋಡುವ ಮನುಷ್ಯನನ್ನು. ಪಾಳಿನ ಮುಂದೆ ದುಃಖಿಸುವುದೂ ಅದನ್ನು ನೋಡಿ ಬರೆಯುವುದೂ ಬೇರೆ ಬೇರೆ ಕೆಲಸಗಳು, ಫ್ರೆಂಚ್ ರೇಖಾಚಿತ್ರಗಳ ಸೆಳೆತ ಎರಡನೆಯದರಲ್ಲಿದೆ ಎಂದು ನನಗೆ ಈಗ ಸ್ಪಷ್ಟವಾಗಿ ಅನ್ನಿಸುತ್ತದೆ. ಕಟ್ಟಡ ಮುರಿದದ್ದರಿಂದಲೇ ಒಳಕ್ಕೆ ಬೆಳಕು ಬಂತು, ಗಿಡ ಬಂತು, ಜನ ಬಂದರು, ಚಿತ್ರಗಾರನಿಗೆ ಕುಳಿತುಕೊಳ್ಳಲು ಒಂದು ಕಲ್ಲು ಸಿಕ್ಕಿತು.

ಚಿತ್ರಗಾರ್ತಿ ವಿಜೆ ಲ ಬ್ರೂನ್ ತನ್ನ ನೆನಪುಗಳಲ್ಲಿ ರೊಬೇರನ ಬಗ್ಗೆ ಹೇಳುವ ಒಂದು ಪ್ರಸಂಗವಿದೆ. ಅವನು ರೋಮ್‌ನಲ್ಲಿದ್ದಾಗ ಕಲೋಸಿಯಂನ ತುತ್ತತುದಿಗೆ ಒಬ್ಬನೇ ಹತ್ತುತ್ತೇನೆಂದು ಪಂದ್ಯ ಕಟ್ಟಿದನಂತೆ, ಪಣಕ್ಕಿಟ್ಟದ್ದು ಬೂದು ಕಾಗದದ ಆರು ಕಟ್ಟುಗಳು. ಜೀವ ಕೈಯಲ್ಲಿ ಹಿಡಿದು ಹತ್ತಿ ಇಳಿದು ಗೆದ್ದನಂತೆ. ಪಾಳನ್ನು ಕೈಕಾಲುಗಳಿಂದ ಮುಟ್ಟಿ ತಿಳಿದವನ ಗೆರೆಗಳು ಇವು.

ಏಕಾಂತ

ಚಂದದ ವಾದ, ಆದರ ಇದೆ. ಆದರೂ ನನ್ನ ಭಿನ್ನಮತ ದಾಖಲಾಗಲಿ. ಅದೇ ರೊಬೇರ್ 1793ರಲ್ಲಿ ಪ್ಯಾರಿಸ್ ಹತ್ತಿರದ ಸ್ಯಾಂ-ದೆನಿ ಚರ್ಚಿನಲ್ಲಿ ರಾಜರ ಸಮಾಧಿಗಳನ್ನು ಅಗೆದು ತೆಗೆಯುವುದನ್ನು ಚಿತ್ರಿಸಿದ, ಆ ಚಿತ್ರ ಪ್ಯಾರಿಸ್ಸಿನ ಕಾರ್ನವಾಲೆ ಮ್ಯೂಸಿಯಂನಲ್ಲಿದೆ. ಅಲ್ಲಿಯೂ ಕಮಾನು ಇದೆ, ಮೇಲಿನಿಂದ ಬೆಳಕು ಬೀಳುತ್ತಿದೆ, ಜನ ಕೆಲಸದಲ್ಲಿದ್ದಾರೆ. ನಿಮ್ಮ ಪಟ್ಟಿಯ ಎಲ್ಲ ಅಂಶಗಳೂ ಇವೆ. ಅದರ ಮುಂದೆ ನಿಂತು ಇದರಲ್ಲಿ ಶೋಕವಿಲ್ಲ ಎಂದು ನೀವು ಹೇಳಬಲ್ಲಿರಾ?

ಜಾಜುಗೆರೆ

ಹೇಳಲಾರೆ. ಆದರೆ ಅಲ್ಲಿ ಪಾಳು ಮಾಡಿದ್ದು ಕಾಲವಲ್ಲ, ಗುದ್ದಲಿ ಹಿಡಿದ ಜನ. ಗಿಡ ಬೆಳೆಯಲು ಇನ್ನೂ ಸಮಯವೇ ಆಗಿಲ್ಲ. ಬಾಸ್ತಿಲ್ ಕೋಟೆಯನ್ನು ಕೆಡವುವುದನ್ನು ಅವನು 1789ರಲ್ಲಿ ಚಿತ್ರಿಸಿದಾಗಲೂ ಹೀಗೆಯೇ, ಅಲ್ಲಿ ಧೂಳು ಇದೆ, ಹಸಿರಿಲ್ಲ. ರೋಮ್‌ನ ಹಾಳೆಗಳ ಜೊತೆ ಇವನ್ನು ಒಂದೇ ತಕ್ಕಡಿಗೆ ಹಾಕಬಾರದು.

ಇತಿಹಾಸಪ್ರಿಯೆ

ಏಕಾಂತ ಅವರು ಎತ್ತಿದ ಸ್ಯಾಂ-ದೆನಿ ಚಿತ್ರಕ್ಕೆ ಪ್ರತ್ಯೇಕ ಚರ್ಚೆಯೇ ಬೇಕು. 1786ರಲ್ಲಿ ನೋತ್ರ್-ದಾಮ್ ಸೇತುವೆಯ ಮೇಲಿನ ಮನೆಗಳನ್ನು ಕೆಡವಿದ್ದನ್ನು ಅವನು ಚಿತ್ರಿಸಿದ್ದಾನಲ್ಲ, ಕ್ರಾಂತಿಗೆ ಮೊದಲೇ ಅವನು ನೆಲಸಮಗಳನ್ನು ಹೇಗೆ ನೋಡುತ್ತಿದ್ದ ಎಂಬುದನ್ನು ಅಲ್ಲಿಂದ ಹಿಡಿದು ನೋಡೋಣ. ಹೊಸ ಎಳೆಯನ್ನು ನಾನೇ ಆರಂಭಿಸುತ್ತೇನೆ.